ಹಳೇ ಅಂಚೆ ಬೀದಿಯ ನೀಲಿ ನಲ್ಲಿ

ಸೋಮನಕಟ್ಟೆಯ ನಲ್ಲಿಗಳು ಚಾಡಿ ಹೇಳಲು ಕಲಿತು ಎರಡು ವರ್ಷವಾಗಿತ್ತು.

ಅದಕ್ಕೆ ಮೊದಲು ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದರೊಳಗೆ ಏನಿದೆ ಎಂಬುದು ಪುರಸಭೆಯ ನೀರು ಪರೀಕ್ಷೆಯ ಲ್ಯಾಬಿನಲ್ಲಿದ್ದ ಕಾತ್ಯಾಯಿನಿ ಒಬ್ಬಳಿಗೇ ಗೊತ್ತಾಗುತ್ತಿತ್ತು, ಅದೂ ಒಂದು ದಿನ ತಡವಾಗಿ. ಬೀದಿ ಬೀದಿಯಿಂದ ಬಾಟಲಿಯಲ್ಲಿ ನೀರು ತರಬೇಕು, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡಬೇಕು, ಮರುದಿನ ತೆಗೆದು ನೋಡಬೇಕು. ಬಾಟಲಿಯ ನೀರು ಕಪ್ಪಾಗಿದ್ದರೆ ಅದಕ್ಕೆ ಚರಂಡಿಯ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಆದರೆ ಅವಳು ವರದಿ ಬರೆದು ಸಹಿ ಹಾಕುವ ಹೊತ್ತಿಗೆ ಊರು ಆ ನೀರನ್ನು ಕುಡಿದು ಮುಗಿಸಿ, ಆಸ್ಪತ್ರೆಯಲ್ಲಿ ಚೀಟಿ ಬರೆಸಲು ನಿಂತಿರುತ್ತಿತ್ತು.

ಆಮೇಲೆ ಮಿಣುಕು ಬಂತು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು; ಜನ ಮಿಣುಕು ಎಂದರು, ಅದೇ ನಿಂತಿತು. ನಲ್ಲಿಯ ಬಾಯಿಗೆ ತಿರುಪಿ ಕೂರಿಸುವ ಗಾಜಿನ ಉಂಗುರ ಅದು. ಗಾಜಿನೊಳಗೆ ಒಂದು ಅಂಟು, ಅಂಟಿನಲ್ಲಿ ಮನುಷ್ಯರ ಗೊಡವೆಗೆ ಬಾರದ ವೈರಸ್ಸುಗಳು. ಅವು ಹಿಡಿಯುವುದು ಮಲದ ಬ್ಯಾಕ್ಟೀರಿಯಾವನ್ನು ಮಾತ್ರ. ವಿಜ್ಞಾನಿಗಳು ಅವುಗಳಿಗೆ ಮಿಣುಕುಹುಳದಂಥ ಬೆಳಕಿನ ಗುಣವನ್ನು ಸೇರಿಸಿದ್ದರು. ವೈರಸ್ಸು ಹೊಕ್ಕ ಬ್ಯಾಕ್ಟೀರಿಯಾ ಸಾಯುವ ಮೊದಲು ನೀಲಿಯಾಗಿ ಹೊಳೆಯುತ್ತದೆ. ಒಂದೆರಡು ಹೊಳೆದರೆ ಕಣ್ಣಿಗೆ ಕಾಣದು, ಸಾವಿರಾರು ಸಿಕ್ಕಿಬಿದ್ದರೆ ನಲ್ಲಿಯ ಬಾಯಿಯೇ ನೀಲಿಯಾಗುತ್ತದೆ. ನೀರಿನಲ್ಲಿರುವ ಕ್ಲೋರಿನ್ ಈ ವೈರಸ್ಸುಗಳನ್ನೂ ಕೊಂದುಬಿಡಬಹುದಲ್ಲ? ಅದಕ್ಕೆಂದೇ ಅಂಟಿನ ಮೇಲೆ ಕ್ಲೋರಿನ್ ಹೀರುವ ಲವಣದ ತೆಳುವಾದ ಪದರ ಹಾಕಿದ್ದರು. ಅದೇ ಲವಣದ ಒಂದು ಚಿಟಿಕೆ ಕಾತ್ಯಾಯಿನಿಯ ಬಾಟಲಿಗಳಲ್ಲೂ ಇರುತ್ತಿತ್ತು. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗೇ ಕ್ಲೋರಿನ್ ಕೆಲಸ ಮಾಡಿ, ಲ್ಯಾಬಿಗೆ ಬರುವಷ್ಟರಲ್ಲಿ ಎಂಥ ಕೊಳಕು ನೀರೂ ಸಾಧುವಾಗಿಬಿಡುತ್ತಿತ್ತು.

ಉಂಗುರ ಹೊಳೆದರೆ ಕಂಟ್ರೋಲ್ ರೂಮಿಗೆ ಸಂಕೇತ ಹೋಗುತ್ತದೆ, ಅಲ್ಲಿನ ಯಂತ್ರ ಟ್ಯಾಂಕಿಗೆ ಕ್ಲೋರಿನ್ ಹೆಚ್ಚಿಸುತ್ತದೆ. ಹೊಳೆಯದಿದ್ದರೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತದೆ. ಹೀಗಾಗಿ ಸೋಮನಕಟ್ಟೆಯ ನೀರಿನಲ್ಲಿ ಔಷಧಿಯ ವಾಸನೆ ಹೋಯಿತು. ಕಾಫಿಗೆ ಕಾಫಿಯದೇ ರುಚಿ ಬಂತು.

ಎಲ್ಲ ಚೆನ್ನಾಗಿಯೇ ಇತ್ತು. ಒಂದೇ ತೊಂದರೆ, ಬೆಳಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಊರಿನ ನಲ್ಲಿಗಳೆಲ್ಲ ಮನೆಯ ಮುಂದೆ, ಬೀದಿಗೆ ಮುಖ ಮಾಡಿಕೊಂಡಿದ್ದವು. ನಲ್ಲಿ ಹೊಳೆದ ಮನೆಯವರನ್ನು ಎದುರುಮನೆಯವರು ನೋಡುವ ರೀತಿಯೇ ಬದಲಾಗುತ್ತಿತ್ತು. "ಅವರ ಮನೆ ನಲ್ಲಿ ಹೊಳೀತಂತೆ" ಎಂದರೆ ಸಾಕು, ಮಿಕ್ಕಿದ್ದನ್ನು ಕೇಳಿದವರೇ ಊಹಿಸಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲು ನಲ್ಲಿಯ ಕಡೆ ಕಣ್ಣು ಹಾಯಿಸುವುದೂ ಶುರುವಾಗಿತ್ತು.

ಆ ಗುರುವಾರ ಬೆಳಗ್ಗೆ ಕಾತ್ಯಾಯಿನಿ ಕಂಟ್ರೋಲ್ ರೂಮಿಗೆ ಬಂದಾಗ ಕಿರಿಯ ಎಂಜಿನಿಯರ್ ಇಮ್ತಿಯಾಜ್ ಗೋಡೆಯ ಮೇಲಿನ ನಕ್ಷೆಯನ್ನು, ಮಗುವಿನ ಮಾರ್ಕ್ಸ್ ಕಾರ್ಡ್ ನೋಡುವ ತಂದೆಯ ಹಾಗೆ ನೋಡುತ್ತಾ ನಿಂತಿದ್ದ. ಊರಿನ ನಕ್ಷೆ ಪೂರ್ತಿ ಕಪ್ಪಾಗಿತ್ತು. ಕಪ್ಪು ಎಂದರೆ ಎಲ್ಲೂ ಬೆಳಕಿಲ್ಲ, ನೀರು ಶುದ್ಧ.

"ನೋಡಿ ಮೇಡಂ, ಏಳು ಸಾವಿರ ನಲ್ಲಿ. ಇಡೀ ರಾಜ್ಯದಲ್ಲಿ ಇಷ್ಟು ಕಡಿಮೆ ಕ್ಲೋರಿನ್ ಹಾಕೋ ಊರು ನಮ್ಮದೊಂದೇ. ಸೋಮವಾರ ತಂಡ ಬರುತ್ತೆ, ಪ್ರಶಸ್ತಿ ನಮ್ಮದೇ ಅಂತ ಫೋನಲ್ಲೇ ಅರ್ಧ ಹೇಳಿಬಿಟ್ಟಿದ್ದಾರೆ" ಎಂದ. ಆಮೇಲೆ ದನಿ ತಗ್ಗಿಸಿ, "ಇದೊಂದು ಬಿಟ್ಟು" ಎಂದು ನಕ್ಷೆಯ ಮೂಲೆಯೊಂದಕ್ಕೆ ಬೆರಳಿಟ್ಟ.

ಹಳೇ ಅಂಚೆ ಬೀದಿಯಲ್ಲಿ ಒಂದು ನೀಲಿ ಚುಕ್ಕೆ ಮಿನುಗುತ್ತಿತ್ತು.

"ಎಷ್ಟು ದಿನದಿಂದ?"

"ಇವತ್ತಿಗೆ ಇಪ್ಪತ್ತೆರಡು. ಒಂದೇ ಮನೆ ಆದ್ರಿಂದ ಯಂತ್ರ ಲೆಕ್ಕಕ್ಕೆ ತಗೊಳ್ಳಲ್ಲ. ಒಂದು ಬೀದೀಲಿ ಮೂರು ಹೊಳೆದ್ರೆ ಊರಿನ ಪೈಪಿನ ತಪ್ಪು, ಒಂದು ಹೊಳೆದ್ರೆ ಆ ಮನೆಯವರ ತಪ್ಪು. ಇಪ್ಪತ್ತೊಂದು ದಿನ ದಾಟಿದ್ರೆ ಕನೆಕ್ಷನ್ ಕಟ್ ಅಂತ ನಿಯಮ ಇದೆ. ಬೀದಿಯವರ ಅರ್ಜೀನೂ ಬಂದಿದೆ." ಅವನು ಒಂದು ಫಾರಂ ಚಾಚಿದ. "ನೀವು ಹೋಗಿ ನೋಡಿ, ಒಂದು ಸಹಿ ಹಾಕಿದ್ರೆ ಮುಗೀತು."

ಕಾತ್ಯಾಯಿನಿಗೆ ಆಗ ಉಳಿದಿದ್ದ ಕೆಲಸವೇ ಅದು, ಸಹಿ ಹಾಕುವುದು. ಮಿಣುಕು ಬಂದ ಮೇಲೆ ಲ್ಯಾಬಿನ ಬಾಟಲಿಗಳ ಮೇಲೆ ಧೂಳು ಕೂತಿತ್ತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವಳು ಊರಿಗೆ ಇಷ್ಟು ಬೇಡವಾದವಳು ಎಂದೂ ಆಗಿರಲಿಲ್ಲ. ಹಾಗೆಂದು ಅವಳಿಗೆ ಮಿಣುಕಿನ ಮೇಲೆ ಸಿಟ್ಟೇನೂ ಇರಲಿಲ್ಲ. ತಾನು ಒಂದು ದಿನ ತಡಮಾಡಿ ಹೇಳುತ್ತಿದ್ದುದನ್ನು ಅದು ಕಾಲು ಗಂಟೆಯಲ್ಲಿ ಹೇಳುತ್ತದೆ ಎಂಬುದನ್ನು ಒಪ್ಪಿಕೊಂಡಿದ್ದಳು. ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡು, ಅಭ್ಯಾಸಬಲದಿಂದ ಎರಡು ಬಾಟಲಿಗಳನ್ನೂ ಹಾಕಿಕೊಂಡು ಹೊರಟಳು.

ನೀಲಿ ಚುಕ್ಕೆಯ ಮನೆ ಇಡ್ಲಿ ಚೆಲುವಾಜಮ್ಮನದು. ಬೆಳಗ್ಗೆ ಏಳರಿಂದ ಹತ್ತರವರೆಗೆ ಆಕೆಯ ಜಗಲಿಯಲ್ಲಿ ತಟ್ಟೆ ಇಡ್ಲಿಗೆ ಜನ ಮುತ್ತಿಕೊಂಡಿರುತ್ತಿದ್ದರು. ಇವತ್ತು ಏಳೂವರೆಯಾದರೂ ಜಗಲಿ ಖಾಲಿಯಿತ್ತು. ಪಾತ್ರೆಯಿಂದ ಹಬೆ ಏಳುತ್ತಿತ್ತು, ತಿನ್ನುವವರಿಲ್ಲ. ಪಕ್ಕದಲ್ಲಿ ನಲ್ಲಿ ನೀರು ಸುರಿಸುತ್ತಿತ್ತು, ಅದರ ಬಾಯಿಯ ಸುತ್ತ ತಿಳಿನೀಲಿ ಬೆಳಕು, ನೋಡಲು ಚೆಂದವಾಗಿಯೇ ಇತ್ತು.

"ಬನ್ನಿ ಮೇಡಂ. ಕಟ್ ಮಾಡಕ್ಕೆ ಬಂದ್ರಾ?" ಎಂದಳು ಚೆಲುವಾಜಮ್ಮ. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ದನಿಯಲ್ಲಿ ಜಗಳವಿರಲಿಲ್ಲ.

"ಇನ್ನೂ ನೋಡಕ್ಕೆ ಬಂದಿದೀನಿ ಚೆಲುವಾಜಮ್ಮೋರೆ."

"ನೋಡೋದೇನು, ಬೀದಿ ಪೂರ್ತಿ ನೋಡ್ತೈತಲ್ಲ. ನಾನು ದಿನಾ ಹುಣಸೇಹಣ್ಣು ಹಾಕಿ ತಿಕ್ತೀನಿ, ಉಗುರುಬೆಚ್ಚಗಿನ ನೀರಲ್ಲಿ ತೊಳೀತೀನಿ. ಆರಲ್ಲ ಅಂತದೆ. ನನ್ನ ಕೈ ಇಡ್ಲಿ ತಿಂದು ಬೆಳೆದವರೇ ಈಗ ಆ ಕಡೆ ಮುಖ ಮಾಡ್ಕೊಂಡು ಹೋಗ್ತಾರೆ. ನೀವು ನಲ್ಲಿ ಕಿತ್ತಾಕಿದ್ರೆ ನಾನು ಒಲೆ ಆರಿಸೋದೇ. ಈ ವಯಸ್ನಾಗೆ ಇನ್ನೇನು ಕಲೀಲಿ ಹೇಳಿ."

ಕಾತ್ಯಾಯಿನಿ ಕೆಲಸಕ್ಕೆ ಕೂತಳು. ಮೊದಲು ಉಂಗುರವನ್ನು ತಿರುಪಿ ಬಿಚ್ಚಿ ಚೀಲದೊಳಗೆ ಇಟ್ಟಳು. ಆಮೇಲೆ ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿದ ಬಟ್ಟೆಯಿಂದ ನಲ್ಲಿಯ ಬಾಯಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿ ತುಂಬಿಸಿದಳು. ನಲ್ಲಿಯ ಬಾಯಿಗೆ ಅಂಟಿದ ಕೊಳೆ ಬಾಟಲಿಗೆ ಬೀಳದಿರಲಿ ಎಂದು ಮಾಡುವ ಕ್ರಮ ಅದು. ಅವಳ ಕೈ ಅದನ್ನು ನಿದ್ದೆಯಲ್ಲೂ ಮಾಡೀತು. ಕ್ಲೋರಿನ್ ಎಷ್ಟಿದೆ ನೋಡೋಣವೆಂದು ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಒಂದು ಮಾತ್ರೆ ಹಾಕಿದಳು. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ. ಮಾತ್ರೆ ಹಳೆಯದಾಗಿರಬೇಕು ಎಂದುಕೊಂಡು ಉಂಗುರವನ್ನು ಮತ್ತೆ ಕೂರಿಸಿದಳು.

"ನೀವೂ ಒಂದ್ಸಲ ಬ್ಲೀಚಿಂಗ್ ಹಾಕಿ ಒರೆಸಿ ನೋಡಬಹುದಿತ್ತು" ಎಂದಳು, ಸುಮ್ಮನೆ ಮಾತಿಗೆ.

"ಅಯ್ಯೋ, ಬೀದಿಯೋರೆಲ್ಲ ಅದನ್ನೇ ಹೇಳಿ ಹೇಳಿ ಸಾಕಾದ್ರು. ಆ ವಾಸನೆ ಒಂದು ಚೂರು ಸೋಕಿದ್ರೂ ನನ್ನ ಹಿಟ್ಟು ಉಬ್ಬಲ್ಲ ಮೇಡಂ. ಹಿಟ್ಟು ಜೀವ ಇರೋ ವಸ್ತು. ಮೊದಲೆಲ್ಲ ನಿಮ್ಮ ನಲ್ಲಿ ನೀರಲ್ಲೂ ಔಷಧಿ ಇರ್ತಿತ್ತು ನೋಡಿ, ಹಿಟ್ಟು ಉಬ್ಬಕ್ಕೆ ಬೆಳಗಿನ ಜಾವದವರೆಗೂ ಕಾಯ್ಬೇಕಿತ್ತು. ಈಗ ಬುಡಿ, ಮಧ್ಯಾಹ್ನ ರುಬ್ಬಿದ್ರೆ ದೀಪ ಹಚ್ಚೋ ಹೊತ್ತಿಗೆ ಪಾತ್ರೆ ತುಂಬಿ ಚೆಲ್ತದೆ."

ಕಾತ್ಯಾಯಿನಿ ನಕ್ಕಳು. ಆ ಮಾತು ಅವಳ ಕಿವಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು, ಆದರೆ ಯಾಕೆಂದು ಆಗ ತಿಳಿಯಲಿಲ್ಲ.

ಅವಳದೊಂದು ಹಳೇ ಪದ್ಧತಿ ಇತ್ತು. ಎಲ್ಲಿಗೇ ಹೋಗಲಿ, ಒಂಟಿ ಬಾಟಲಿ ತರುವವಳಲ್ಲ. ಪಕ್ಕದ ಮನೆಯದೂ ಒಂದಿರಬೇಕು, ಹೋಲಿಸಿ ನೋಡಲು. ಪಕ್ಕದ ಮನೆ ಜಲಜಾಕ್ಷಿಯದು. ಅರ್ಜಿಯಲ್ಲಿ ಮೊದಲ ಸಹಿ ಅವಳದೇ. ಅವಳ ಹಿತ್ತಾಳೆ ನಲ್ಲಿ ದೇವರ ಮನೆಯ ಗಂಟೆಯ ಹಾಗೆ ಥಳಥಳಿಸುತ್ತಿತ್ತು, ಮೇಲೆ ಅರಿಶಿನ ಕುಂಕುಮ ಬೇರೆ. ಉಂಗುರದಲ್ಲಿ ಬೆಳಕಿನ ಸುಳಿವಿರಲಿಲ್ಲ.

"ನಮ್ಮನೇದ್ಯಾಕೆ ಮೇಡಂ? ನಮ್ಮದು ಯಾವತ್ತೂ ಹೊಳ್ದಿಲ್ಲ" ಎಂದಳು ಜಲಜಾಕ್ಷಿ. ಬಾಟಲಿ ತುಂಬುವವರೆಗೂ ಅವಮಾನವಾದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಸಂಜೆ ಕಾತ್ಯಾಯಿನಿ ಮನೆಗೆ ಬಂದಾಗ ಅತ್ತೆ ಪುಟ್ಟತಾಯಮ್ಮ ಚಾಪೆಯ ಮೇಲೆ ಮಲಗಿದ್ದರು. ಎರಡು ದಿನದಿಂದ ಹೊಟ್ಟೆ ಸರಿಯಿರಲಿಲ್ಲ.

"ಬಿಸಿಲಿಗೆ ಉಷ್ಣ ಆಗಿರ್ಬೇಕು ಕಣೇ. ಮೆಂತ್ಯ ಮಜ್ಜಿಗೆ ಕುಡಿದಿದೀನಿ" ಎಂದರು.

"ನಾಳೇನೂ ಹೀಗೇ ಇದ್ರೆ ಡಾಕ್ಟ್ರ ಹತ್ರ ಹೋಗೋಣ ಅತ್ತೆ."

"ಆ ಡಾಕ್ಟ್ರಿಗೂ ಪುರುಸೊತ್ತಿಲ್ವಂತೆ. ಈ ಕಡೆ ನಾಲ್ಕೈದು ಮನೇಲಿ ಮಕ್ಕಳಿಗೂ ಹೊಟ್ಟೆ ಕೆಟ್ಟಿದೆಯಂತೆ. ಎಲ್ಲ ಬಿಸಿಲು." ಮುದುಕಿ ಎದ್ದು ಕೂತು ಸೊಸೆಯ ಮುಖ ನೋಡಿದರು. "ಆ ಇಡ್ಲಿಯೋಳ ನಲ್ಲಿ ಕಿತ್ರಾ?"

"ಇಲ್ಲ. ನಾಳೆ ನೋಡ್ಬೇಕು."

"ಕಿತ್ತಾಕಿ ಕೈ ತೊಳ್ಕೊ. ನಮ್ಮ ನಲ್ಲಿ ನೋಡು, ಎರಡು ವರ್ಷದಲ್ಲಿ ಒಂದಿನ ಕಣ್ಣು ಬಿಟ್ಟಿಲ್ಲ."

ಅದು ಕಾತ್ಯಾಯಿನಿಗೂ ಒಳಗೊಳಗೇ ಹೆಮ್ಮೆಯ ವಿಷಯವಾಗಿತ್ತು. ಹೊರಗೆ ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ. ಹಂಡೆಯಿಂದ ಒಂದು ಲೋಟ ನೀರು ಕುಡಿದು ಅಡುಗೆಗೆ ನಿಂತಳು.

ಮರುದಿನ ಮಧ್ಯಾಹ್ನ ಪೆಟ್ಟಿಗೆಯ ಬಾಗಿಲು ತೆಗೆದಾಗ ಚೆಲುವಾಜಮ್ಮನ ಬಾಟಲಿ ಇದ್ದಿಲಿನಂತೆ ಕಪ್ಪಾಗಿತ್ತು. ಅದು ನಿರೀಕ್ಷಿಸಿದ್ದೇ. ಫಾರಂ ತೆಗೆಯಲು ಚೀಲಕ್ಕೆ ಕೈ ಹಾಕಿದವಳು, ಹಿಂದಿದ್ದ ಎರಡನೆಯ ಬಾಟಲಿಯನ್ನು ಎಳೆದಳು. ಜಲಜಾಕ್ಷಿಯದು. ಅದೂ ಕಪ್ಪು.

ಚೀಟಿ ಅದಲುಬದಲಾಗಿದೆಯೇ ಎಂದು ನೋಡಿದಳು. ಇರಲಿಲ್ಲ. ಹಾಗಾದರೆ ಎರಡು ಮನೆಗೂ ಬರುತ್ತಿರುವುದು ಒಂದೇ ನೀರು, ಒಂದೇ ಕೊಳೆ; ಒಂದು ನಲ್ಲಿ ಹೊಳೆಯುತ್ತದೆ, ಇನ್ನೊಂದು ಸುಮ್ಮನಿದೆ. ಕಪಾಟಿನಿಂದ ಹೊಸ ಮಾತ್ರೆಗಳ ಡಬ್ಬಿ ಒಡೆದು, ಲ್ಯಾಬಿನದೇ ನಲ್ಲಿಯ ನೀರಿಗೆ ಹಾಕಿದಳು. ಬಣ್ಣ ಬರಲಿಲ್ಲ. ತಪ್ಪು ನಿನ್ನೆಯ ಮಾತ್ರೆಯದಲ್ಲ. ನೀರಿನಲ್ಲಿ ಕ್ಲೋರಿನ್ನೇ ಇಲ್ಲ. ಪಾತ್ರೆ ತುಂಬಿ ಚೆಲ್ಲುವ ಹಿಟ್ಟು ಆಗ ನೆನಪಾಯಿತು. ಆ ಹೆಂಗಸು ತನಗೆ ಗೊತ್ತಿಲ್ಲದೆಯೇ ಎಲ್ಲ ಹೇಳಿದ್ದಳು, ತಾನು ನಕ್ಕು ಬಂದಿದ್ದೆ ಎಂದುಕೊಂಡಳು ಕಾತ್ಯಾಯಿನಿ.

ಅವಳು ನೇರವಾಗಿ ಜಲಜಾಕ್ಷಿಯ ಮನೆಗೆ ಹೋಗಿ, ಯಾರನ್ನೂ ಕೇಳದೆ ನಲ್ಲಿಯ ಉಂಗುರ ಬಿಚ್ಚಿ ಮೂಗಿಗೆ ಹಿಡಿದಳು. ಬ್ಲೀಚಿಂಗ್ ಪುಡಿಯ ವಾಸನೆ ಗಪ್ಪೆಂದು ಹೊಡೆಯಿತು.

"ಇದಕ್ಕೆ ಬ್ಲೀಚಿಂಗ್ ಹಚ್ತೀರಾ?"

"ದಿನಾ ಹಚ್ತೀವಿ" ಎಂದಳು ಜಲಜಾಕ್ಷಿ, ಹೊಗಳಿಕೆಯ ನಿರೀಕ್ಷೆಯಲ್ಲಿ. "ನೀರು ಬರೋಕ್ಕೆ ಮುಂಚೆ ಗಟ್ಟಿಯಾಗಿ ಕಲಸಿ ಬಾಯಿಗೆ ಮೆತ್ತಿ, ಆಮೇಲೆ ಒರೆಸಿಬಿಡೋದು. ಬೀದಿಯೋರೆಲ್ಲ ಹಂಗೇ ಮಾಡೋದು. ಬರೀ ಈ ಬೀದಿ ಏನು, ಊರೇ ಮಾಡ್ತದೆ."

"ಯಾರು ಹೇಳ್ಕೊಟ್ರು ಇದನ್ನ?"

ಜಲಜಾಕ್ಷಿ ಅವಳನ್ನು ವಿಚಿತ್ರವಾಗಿ ನೋಡಿದಳು. "ನೀವೇ ಅಲ್ವಾ ಮೇಡಂ? ಮಿಣುಕು ಬಂದ ಹೊಸದರಲ್ಲಿ ನಮ್ಮ ಬೀದೀಲಿ ಮೂರು ನಲ್ಲಿ ಹೊಳ್ದಿತ್ತು. ನೀವು ಬಂದ್ರಿ, ಬಟ್ಟೇಲಿ ಬ್ಲೀಚಿಂಗ್ ಅದ್ದಿ ಒರೆಸಿದ್ರಿ, ನೀರು ಹಿಡ್ಕೊಂಡು ಹೋದ್ರಿ. ಮಾರನೇ ದಿನಕ್ಕೆ ಮೂರೂ ಆರಿತ್ತು. ಆಮೇಲೆ ಯಾರ ಮನೇಲಿ ಹೊಳೆದ್ರೂ ಹಂಗೇ ಮಾಡಿದ್ವಿ, ತಕ್ಷಣ ಆರೋದು. ಇದಕ್ಕೆ ಲ್ಯಾಬ್ ಮೇಡಂ ಒರೆಸು ಅಂತಾನೇ ಹೆಸರು. ಆ ಚೆಲುವಾಜಮ್ಮನಿಗೂ ಎಷ್ಟು ಹೇಳಿದ್ವಿ, ಕೇಳ್ಬೇಕಲ್ಲ."

ಕಾತ್ಯಾಯಿನಿ ಜಗಲಿಯ ಮೇಲೆ ಕೂತುಬಿಟ್ಟಳು. ಅಂದು ಆ ಮೂರು ನಲ್ಲಿಗಳು ಆರಿದ್ದು ಯಂತ್ರ ಕ್ಲೋರಿನ್ ಹೆಚ್ಚಿಸಿದ್ದರಿಂದ. ಅವಳು ಒರೆಸಿದ್ದು ಬಾಟಲಿಯ ಸಲುವಾಗಿ, ಅದೂ ಉಂಗುರ ಬಿಚ್ಚಿಟ್ಟ ಮೇಲೆ. ಸುತ್ತ ನಿಂತು ನೋಡಿದ ಹೆಂಗಸರಿಗೆ ಒರೆಸಿದ್ದು ಕಂಡಿತು, ಬಿಚ್ಚಿದ್ದು ಕಾಣಲಿಲ್ಲ. ಗಟ್ಟಿಯಾಗಿ ಕಲಸಿದ ಬ್ಲೀಚಿಂಗ್ ಮುಂದೆ ಆ ತೆಳು ಲವಣದ ಪದರ ಎಷ್ಟು ಹೊತ್ತು ತಡೆದೀತು? ಉಂಗುರದೊಳಗಿನ ವೈರಸ್ಸುಗಳೆಲ್ಲ ಸತ್ತಿದ್ದವು. ಸತ್ತ ಉಂಗುರ ಎಂಥ ನೀರಿಗೂ ಹೊಳೆಯದು. ಊರು ತನ್ನ ಮರ್ಯಾದೆ ಉಳಿಸಿಕೊಳ್ಳಲು ಒಂದೊಂದಾಗಿ ಸಾಕ್ಷಿಗಳ ಬಾಯಿ ಮುಚ್ಚಿಸಿತ್ತು. ಬೆಳಕಿಲ್ಲದ್ದನ್ನು ನೋಡಿ ಯಂತ್ರ ದಿನದಿನಕ್ಕೂ ಕ್ಲೋರಿನ್ ಇಳಿಸಿತ್ತು.

ಇಡೀ ಬೀದಿಯಲ್ಲಿ ನಿಜ ಹೇಳುತ್ತಿದ್ದುದು ಒಂದೇ ನಲ್ಲಿ. ಅದನ್ನು ಕೀಳುವ ಫಾರಂ ಅವಳ ಚೀಲದಲ್ಲಿತ್ತು.

ಇಮ್ತಿಯಾಜ್ ಮೊದಲು ನಂಬಲಿಲ್ಲ. ಅವನದೂ ತಪ್ಪಲ್ಲ. ಏಳು ಸಾವಿರ ನಲ್ಲಿ ಒಂದು ಕಡೆ, ಎರಡು ಕಪ್ಪು ಬಾಟಲಿ ಇನ್ನೊಂದು ಕಡೆ. ಮೂರು ದಿನಕ್ಕೆ ಪ್ರಶಸ್ತಿಯ ತಂಡ ಬೇರೆ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಬಾಟಲಿ ಪರೀಕ್ಷೇಲಿ ಕೈತಪ್ಪು ಆಗಬಹುದು. ಕತ್ತಲೆ ಅಂದ್ರೆ ಶುದ್ಧ ಅಂತಾನೇ ಈ ಇಡೀ ವ್ಯವಸ್ಥೆ ಕಟ್ಟಿರೋದು."

"ಸರಿ ಕಣಪ್ಪ, ನನ್ನ ಬಾಟಲಿ ಬಿಡು. ನಿನ್ನ ಉಂಗುರಾನೇ ಕೇಳೋಣ."

ದಾರಿಯಲ್ಲಿ ಅವಳು ಹತ್ತು ಮನೆಗಳ ಉಂಗುರ ಬಿಚ್ಚಿಕೊಂಡು ಬಂದಿದ್ದಳು. ಬಿಳಿ ತಟ್ಟೆಯಲ್ಲಿ ಅವನ್ನು ಸಾಲಾಗಿ ಇಟ್ಟು, ಪರೀಕ್ಷೆಗೆಂದು ಲ್ಯಾಬಿನಲ್ಲಿ ಸಾಕಿಕೊಂಡಿದ್ದ ಬ್ಯಾಕ್ಟೀರಿಯಾದ ನೀರನ್ನು ಒಂದೊಂದಕ್ಕೂ ಒಂದು ಹನಿ ಬಿಟ್ಟಳು. ಅದು ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದ್ದ ಹನಿ, ಜೀವವಿದ್ದ ಉಂಗುರವಾದರೆ ಕಣ್ಣು ಕುಕ್ಕುವ ಹಾಗೆ ಹೊಳೆಯಬೇಕು. ಕಿಟಕಿಯ ಪರದೆ ಎಳೆದು ಇಬ್ಬರೂ ಸ್ಟೂಲಿನ ಮೇಲೆ ಕೂತರು. ಹತ್ತು ನಿಮಿಷ ಏನೂ ಆಗಲಿಲ್ಲ. ಕಾಲು ಗಂಟೆಯ ಹೊತ್ತಿಗೆ ತಟ್ಟೆಯ ತುದಿಯಲ್ಲಿ ಒಂದು ಉಂಗುರ ಮೆಲ್ಲನೆ ನೀಲಿಯಾಯಿತು. ಅದಕ್ಕೆ ಅವಳು ದಾರ ಕಟ್ಟಿ ಗುರುತು ಮಾಡಿದ್ದಳು, ಚೆಲುವಾಜಮ್ಮನದು. ಉಳಿದ ಒಂಬತ್ತು ಅರ್ಧ ಗಂಟೆಯಾದರೂ ಗಾಜಾಗಿಯೇ ಉಳಿದವು.

ಇಮ್ತಿಯಾಜ್ ಆ ಒಂಬತ್ತನ್ನು ಒಂದೊಂದಾಗಿ ಎತ್ತಿ ನೋಡಿದ. "ನಮ್ಮನೇಲೂ ಅಮ್ಮಿ ಒರೆಸ್ತಾರೆ ಮೇಡಂ" ಎಂದ ಕೊನೆಗೆ. "ನಾನೇ ನೋಡಿದೀನಿ. ಶುಚಿ ಮಾಡ್ತಿದಾರೆ ಅಂದ್ಕೊಂಡೆ."

"ಶುಚೀನೇ ಮಾಡ್ತಿದ್ರು."

"ಉಂಗುರ ಸತ್ತಿದ್ಯೋ ಸುಮ್ಮನಿದ್ಯೋ ಅಂತ ತಿಳ್ಕೊಳ್ಳೋ ದಾರೀನೇ ನಾವು ಇಟ್ಟಿಲ್ಲ." ಅವನು ಎದ್ದ. ಕಂಟ್ರೋಲ್ ರೂಮಿಗೆ ಹೋಗಿ ಯಂತ್ರದ ಕೈಯಿಂದ ಕ್ಲೋರಿನ್ ಬಿಡಿಸಿ ತನ್ನ ಕೈಗೆ ತೆಗೆದುಕೊಂಡು ಹೆಚ್ಚಿಸಿದ. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಲಿ ಎಂದು ಅವಳನ್ನು ಕೇಳಿದ. ಅವಳು ಹೇಳಿದ್ದನ್ನೇ ಬರೆದ: ಒಂದು ನಲ್ಲಿ ಹೊಳೆಯುತ್ತಿದೆ. ಆಮೇಲೆ ಸೋಮವಾರ ಬರುವವರಿಗೆ ಫೋನ್ ಮಾಡಿ, ಬರುವುದು ಬೇಡ ಎಂದ.

ಸಂಜೆ ಮನೆಗೆ ಬಂದ ಕಾತ್ಯಾಯಿನಿ ಚಪ್ಪಲಿ ಬಿಡುವ ಮೊದಲೇ ತನ್ನ ಮನೆಯ ನಲ್ಲಿಯ ಹತ್ತಿರ ಹೋದಳು. ಉಂಗುರ ಬಿಚ್ಚಿದಳು. ಮೂಗಿಗೆ ಹಿಡಿಯಬೇಕಾದ್ದೇ ಇರಲಿಲ್ಲ, ಬೆರಳಿಗೇ ಬಿಳಿ ಪುಡಿ ಅಂಟಿತು.

ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದರು. ಸೊಸೆಯ ಮುಖ ನೋಡಿ ಅವರಿಗೆ ಏನೋ ತಪ್ಪಾಗಿದೆ ಎಂದು ಹೊಳೆಯಿತು.

"ಎಷ್ಟು ದಿನದಿಂದ ಅತ್ತೆ?"

"ಮೊದಲ್ನೇ ತಿಂಗಳಿಂದ" ಎಂದರು ಮುದುಕಿ. "ನೀನು ಆಫೀಸಿಗೆ ಹೋದಾಗ ಒಂದಿನ ಹೊಳ್ದುಬಿಡ್ತು ಕಣೇ. ನಂಗೆ ಎದೆ ಧಸಕ್ ಅಂತು. ಲ್ಯಾಬ್‌ನೋಳ ಮನೆ ನಲ್ಲೀನೇ ಹೊಳೀತು ಅಂದ್ರೆ ಜನ ಬಿಡ್ತಾರಾ? ನಿನ್ನ ಮರ್ಯಾದೆ ಹೋಗ್ತದೆ ಅಂತ ಮಾಡ್ದೆ. ನಿಂಗೆ ಹೇಳಿದ್ರೆ ಬೈತೀಯ ಅಂತ ಹೇಳ್ಲಿಲ್ಲ."

ಕಾತ್ಯಾಯಿನಿ ಬೈಯಲಿಲ್ಲ. ತನ್ನ ಮರ್ಯಾದೆಗಾಗಿ ದಿನಾ ಬೆಳಗ್ಗೆ ಬಗ್ಗಿ ಪುಡಿ ಮೆತ್ತಿದ ಈ ಜೀವವೇ ಈಗ ಆ ನೀರು ಕುಡಿದು ಮೂರು ದಿನದಿಂದ ನರಳುತ್ತಿದೆ. ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಹಂಡೆಯ ನೀರನ್ನೆಲ್ಲ ಚೆಲ್ಲಿ, ಒಲೆಯ ಮೇಲೆ ಹೊಸ ನೀರು ಕುದಿಯಲು ಇಟ್ಟಳು. ನೀರು ಕೊತಕೊತ ಕುದಿಯುವವರೆಗೂ ಇಬ್ಬರೂ ಅದರ ಮುಂದೆ ಕೂತಿದ್ದರು.

ಶನಿವಾರ ಬೆಳಗ್ಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೆಲ್ಲ ಸಾರಿದರು, ಹತ್ತು ದಿನ ನೀರು ಕುದಿಸಿ ಕುಡಿಯಿರಿ ಎಂದು. ಹಳೇ ಅಂಚೆ ಬೀದಿಗೆ ಮಾತ್ರ ಕಾತ್ಯಾಯಿನಿ ತಾನೇ ನಡೆದು ಹೋಗಿ, ಚೆಲುವಾಜಮ್ಮನ ಉಂಗುರವನ್ನು ತೊಳೆದು ನಲ್ಲಿಗೆ ಮತ್ತೆ ಕೂರಿಸಿದಳು. ಹೆಂಗಸರು ಚೆಲುವಾಜಮ್ಮನ ಮನೆಯ ಮುಂದೆ ಸೇರಿದರು, ಸ್ವಲ್ಪ ದೂರದಲ್ಲಿ, ಆ ನಲ್ಲಿಯ ಬೆಳಕು ಸೆರಗಿಗೆ ಅಂಟೀತು ಎಂಬ ಹಾಗೆ.

"ನೀವು ಯಾರೂ ತಪ್ಪು ಮಾಡಿಲ್ಲ" ಎಂದು ಶುರುಮಾಡಿದಳು. "ತಪ್ಪು ನಂದು. ಇಪ್ಪತ್ತೆಂಟು ವರ್ಷ ನಿಮ್ಮ ಮನೆ ಮುಂದೆ ನಲ್ಲಿ ಒರೆಸಿದೀನಿ. ಯಾಕೆ ಒರೆಸ್ತೀನಿ ಅಂತ ಒಂದಿನ ಕೂತ್ಕೊಂಡು ಹೇಳ್ಲಿಲ್ಲ. ಉಂಗುರ ಬಿಚ್ಚಿಟ್ಟೇ ಒರೆಸ್ಬೇಕು ಅಂತಾನೂ ಹೇಳ್ಲಿಲ್ಲ. ನಿಮ್ಮ ಉಂಗುರಗಳೆಲ್ಲ ಸತ್ತೋಗಿವೆ. ನಮ್ಮನೇದೂ ಸತ್ತಿದೆ. ಬದುಕಿರೋದು ಇದೊಂದೇ." ಅವಳು ಚೀಲದಿಂದ ಫಾರಂ ತೆಗೆದು, ನಾಲ್ಕು ಮಡಿಕೆ ಮಾಡಿ ಹರಿದಳು. "ಇದು ಇಪ್ಪತ್ತನಾಲ್ಕು ದಿನದಿಂದ ನಿಮ್ಮನ್ನೇ ಕೂಗ್ತಾ ಇತ್ತು."

ಯಾವುದೋ ಮನೆಯೊಳಗೆ ಮಗುವೊಂದು ಅಳುತ್ತಿತ್ತು. ಜಲಜಾಕ್ಷಿ ನೆಲ ನೋಡುತ್ತಾ ಕೇಳಿದಳು: "ಮತ್ತೆ ಚೆಲುವಾಜಮ್ಮಂಗೆ ಹೊಟ್ಟೆ ಕೆಟ್ಟಿಲ್ವಲ್ಲ?"

"ನಂಗ್ಯಾಕೆ ಕೆಡ್ತದೆ?" ಎಂದಳು ಚೆಲುವಾಜಮ್ಮ ಒಲೆಯ ಹಿಂದಿನಿಂದ. "ಹೊಳೆಯೋದು ಕಂಡ ದಿನದಿಂದ ಚಟ್ನಿಗೂ ಕುದಿಸಿದ ನೀರೇ ಹಾಕ್ತಿದೀನಿ. ನೀವು ನೋಡೋದು ಬುಟ್ಟು ನಗಾಡಿದ್ರಿ."

ಆ ವಾರ ಪೈಪು ಅಗೆದರು. ಹಳೇ ಅಂಚೆ ಬೀದಿಯ ತಲೆಯಲ್ಲಿ ವಾಲ್ವಿನ ಗುಂಡಿಯೊಳಗೆ ಚರಂಡಿಯ ನೀರು ಒಸರಿ ಕುಡಿಯುವ ಪೈಪಿನ ಬಿರುಕಿಗೆ ಇಳಿಯುತ್ತಿತ್ತು. ಅಲ್ಲಿಂದಾಚೆ ಅರ್ಧ ಊರಿಗೆ ಅದೇ ನೀರು. ಬಿರುಕು ಮುಚ್ಚಿದರು. ಮನೆಮನೆಗೂ ಹೊಸ ಉಂಗುರ ಕೂರಿಸಿದರು. ಇಮ್ತಿಯಾಜ್ ಹೇಳಿ ಬದಲಾವಣೆಯನ್ನೂ ಮಾಡಿಸಿದ್ದ: ತಿಂಗಳಿಗೊಮ್ಮೆ ಬೀದಿಗೊಂದು ಉಂಗುರ ಕಾತ್ಯಾಯಿನಿಯ ತಟ್ಟೆಗೆ ಬರಬೇಕು, ಜೀವ ಇದೆಯೋ ಇಲ್ಲವೋ ನೋಡಲು. ಬಾಟಲಿಗಳ ಮೇಲಿನ ಧೂಳು ಒರೆಸುವ ಕೆಲಸ ಹೀಗೆ ಮತ್ತೆ ಶುರುವಾಯಿತು.

ಹೊಸ ಉಂಗುರ ಕೂರಿಸಿದ ಮೊದಲ ದಿನ, ಪೈಪಿನಲ್ಲಿ ಉಳಿದಿದ್ದ ಕೊಳೆಗೆ, ಬೀದಿಗೆ ಬೀದಿಯೇ ನೀಲಿಯಾಯಿತು. ಜಲಜಾಕ್ಷಿ ಗಾಬರಿಯಲ್ಲಿ ನಲ್ಲಿಗೆ ಟವೆಲ್ ಸುತ್ತಲು ಹೋದಳು, ಎದುರುಮನೆಯದೂ ಹೊಳೆಯುತ್ತಿರುವುದು ನೋಡಿ ಟವೆಲ್ ಹೆಗಲಿಗೆ ಹಾಕಿಕೊಂಡಳು. ಕಾತ್ಯಾಯಿನಿಯ ಮನೆಯಲ್ಲಿ ಪುಟ್ಟತಾಯಮ್ಮನ ಕೈ ಬ್ಲೀಚಿಂಗ್ ಡಬ್ಬಿಯ ತನಕ ಹೋಗಿ, ಸೊಸೆಯನ್ನು ನೋಡಿ ಹಿಂದೆ ಬಂತು. "ಹೊಳ್ಕೊಳ್ಳಲಿ ಬಿಡು" ಎಂದರು ಅವರೇ. ಹೊಟ್ಟೆ ಸರಿಹೋಗಿತ್ತು, ಬೀದಿಯವರೊಡನೆ ಜಗಳವಾಡುವಷ್ಟು ಶಕ್ತಿಯೂ ಬಂದಿತ್ತು.

ಹನ್ನೊಂದನೆಯ ದಿನ ಬೆಳಗ್ಗೆ ಕಾತ್ಯಾಯಿನಿ ಹಳೇ ಅಂಚೆ ಬೀದಿಗೆ ಬಂದಾಗ ನೀರು ಬಿಟ್ಟು ಅರ್ಧ ಗಂಟೆಯಾಗಿತ್ತು. ಬೀದಿಯ ಯಾವ ನಲ್ಲಿಯಲ್ಲೂ ಬೆಳಕಿರಲಿಲ್ಲ. ಆದರೂ ಕೊಡ ಹಿಡಿದ ಹೆಂಗಸರು ತಮ್ಮ ನಲ್ಲಿ ಬಿಟ್ಟು ಚೆಲುವಾಜಮ್ಮನ ಜಗಲಿಯ ಮುಂದೆ ನಿಂತಿದ್ದರು.

"ನಿಮ್ಮದು ಆರಿತಾ ಚೆಲುವಾಜಮ್ಮ?" ಎಂದು ಕೇಳುತ್ತಿದ್ದಳು ಜಲಜಾಕ್ಷಿ.

"ಆ ಕಡೆ ಎಲ್ಲರ ನಲ್ಲೀಲೂ ಹೊಸ ಉಂಗುರಾನೇ ಐತಲ್ಲ, ನಿಮ್ಮದು ನೋಡ್ಕೊಂಡು ಹಿಡಿಯೋದಲ್ವಾ?"

"ನಮ್ಮದು ಬಿಡಿ. ನಿಮ್ಮದು ಏನಂತು ಹೇಳಿ."

ಚೆಲುವಾಜಮ್ಮ ಬಗ್ಗಿ ತನ್ನ ನಲ್ಲಿ ನೋಡಿ, ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂಂ ಎಂದು ತಲೆಯಾಡಿಸಿದಳು. ಹೆಂಗಸರು ಕೊಡ ಎತ್ತಿಕೊಂಡು ಮನೆಗಳ ಕಡೆ ಓಡಿದರು. ಕಾತ್ಯಾಯಿನಿ ಕೊಳವೆಯಲ್ಲಿ ನೀರು ಹಿಡಿದು ಮಾತ್ರೆ ಹಾಕಿದಳು. ಚೆನ್ನಾಗಿ ಗುಲಾಬಿ ಬಣ್ಣ ಬಂತು.

"ಕೂತ್ಕೊಳ್ಳಿ ಮೇಡಂ, ಎರಡು ಇಡ್ಲಿ ತಿನ್ನಿ. ಬೇಜಾರು ಮಾಡ್ಕೋಬಾರ್ದು ಮತ್ತೆ."

ತಟ್ಟೆ ಬಂತು. ಇಡ್ಲಿ ಬಟ್ಟಲಿನ ಮುಚ್ಚಳದಷ್ಟು ಚಪ್ಪಟೆಯಾಗಿತ್ತು. ಪಕ್ಕದಲ್ಲಿ ಕೂತು ತಿನ್ನುತ್ತಿದ್ದ ಇಬ್ಬರು ಬೀದಿಯವರು ಚೂರು ಮುರಿಯಲು ಎರಡೂ ಕೈ ಬಳಸುತ್ತಿದ್ದರು. ಕೊಡ ಇಟ್ಟು ಬಂದ ಜಲಜಾಕ್ಷಿ ತನ್ನ ಪಾಲಿನದನ್ನು ಒಂದು ತುತ್ತು ತಿಂದು, ಬಹಳ ಹೊತ್ತು ಅಗಿದು, ಕೇಳಿಯೇಬಿಟ್ಟಳು: "ಇದೇನು ಚೆಲುವಾಜಮ್ಮ, ಇಷ್ಟು ಗಟ್ಟಿ?"

"ಹಿಟ್ಟು ಉಬ್ಬಿಲ್ಲ ತಾಯಿ. ನೀರಲ್ಲಿ ಔಷಧಿ ವಾಪಸ್ ಬಂದೈತೆ." ಚೆಲುವಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು, ಇಪ್ಪತ್ತನಾಲ್ಕು ದಿನ ಒಳಗೇ ಇಟ್ಟುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ. "ಇಡ್ಲಿ ಕೆಟ್ಟಿದೆ ಅಂದ್ರೆ ನೀರು ಚೆನ್ನಾಗಿದೆ ಅಂತ. ಸುಮ್ಮನೆ ತಿನ್ನಿ."

ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆಮೇಲೆ ಹಿಟ್ಟು ಮೊದಲಿನ ಹಾಗೇ ಉಬ್ಬುತ್ತದೆ ಎಂದು ಕಾತ್ಯಾಯಿನಿ ಹೇಳಬೇಕೆಂದಿದ್ದಳು. ಅದು ಹೇಗೆ, ಯಾಕೆ ಎಂದು ಈ ಸಲ ಪೂರ್ತಿಯಾಗಿ ಹೇಳಬೇಕು. ತಿಂದು ಮುಗಿಸಿ ಹೇಳಿದರಾಯಿತು ಎಂದುಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಇಡ್ಲಿ ಮುರಿದಳು.

"ಇನ್ನೊಂದು ಹಾಕಿ" ಎಂದಳು.